ಸಪ್ಲಿಯ ಕೆರೆತ: ಅಲರ್ಜಿ ಇರೋ ಬೆಕ್ಕಿಗೆ ಏನು ಮಾಡ್ಬೇಕು, ಏನು ಮಾಡ್ಬಾರ್ದು

ನಮ್ಮ ಹಾಸ್ಟೆಲಿನ ಮೂರನೇ ಫ್ಲೋರಿನಲ್ಲಿ ಒಂದು ಬೆಕ್ಕಿದೆ. ಹೆಸರು ಸಪ್ಲಿ. ಎಷ್ಟು ಸಲ ಓಡಿಸಿದರೂ ವಾಪಸ್ ಬರುತ್ತೆ ಅನ್ನೋ ಕಾರಣಕ್ಕೆ ಸೀನಿಯರ್ಸ್ ಇಟ್ಟ ಹೆಸರು. ಅವರು ಪಾಸಾಗಿ ಹೋದರು, ಸಪ್ಲಿ ನಮ್ಮ ಪಾಲಿಗೆ ಉಳೀತು. ನಾವು ಅಂದ್ರೆ ಒಂದೇ ರೂಮಿನ ನಾಲ್ಕು ಜನ. ನಮ್ಮಲ್ಲಿ ಯಾರಿಗೂ ಮನೇಲಿ ಬೆಕ್ಕು ಸಾಕಿ ಅಭ್ಯಾಸ ಇರಲಿಲ್ಲ. ಮೆಸ್ಸಿನಿಂದ ಮೊಟ್ಟೆ ತಂದು ಹಾಕಿದರೆ ಬೆಕ್ಕು ಸಾಕಿದ ಹಾಗೆ ಅಂತ ಅಂದ್ಕೊಂಡಿದ್ವಿ.

ದಸರಾ ರಜೆ ಮುಗಿಸಿ ಬಂದಾಗ ಸಪ್ಲಿಯ ಹೊಟ್ಟೆ ಮತ್ತು ಹಿಂಗಾಲಿನ ಒಳಭಾಗ ಎರಡೂ ಕಡೆ ಟ್ರಿಮ್ಮರ್ ಓಡಿಸಿದ ಹಾಗೆ ಬೋಳಾಗಿತ್ತು. ಬಾಲ ಶುರುವಾಗುವ ಜಾಗದಲ್ಲಿ ಕೈಯಾಡಿಸಿದರೆ ಕೂದಲಿನಡಿ ರಾಗಿಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ. ಕತ್ತಿನ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಹಸಿ ಗಾಯ. ರಾತ್ರಿ ಎರಡು ಗಂಟೆಗೂ ಕಾಟಿನ ಕೆಳಗಿಂದ ಟಕಟಕ ಟಕಟಕ ಅಂತ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು. ಇಂಟರ್ನಲ್ಸ್ ಹಿಂದಿನ ದಿನ ಆ ಸದ್ದು ಕೇಳ್ತಾ ಮಲಗೋದು ಕಷ್ಟ, ಆದರೆ ಸಪ್ಲಿಗೆ ಇನ್ನೂ ಕಷ್ಟ ಇತ್ತು.

ಆಮೇಲೆ ನಾವು ಮಾಡಿದ್ದನ್ನ ಬರೆಯೋಕೆ ಸ್ವಲ್ಪ ನಾಚಿಕೆಯಾಗುತ್ತೆ. ಫ್ಲೋರಿನಲ್ಲಿ ಇಪ್ಪತ್ತು ರೂಮು, ಪ್ರತಿ ರೂಮಿಗೊಬ್ಬ ಡಾಕ್ಟ್ರು. ಒಬ್ಬ ಕೊಬ್ಬರಿ ಎಣ್ಣೆ ಅಂದ, ಇನ್ನೊಬ್ಬ ಅರಿಶಿನ ಅಂದ, ಮತ್ತೊಬ್ಬ ತನ್ನ ತುರಿಕೆಗೆ ಹಚ್ಚುವ ಟ್ಯೂಬೇ ತಂದುಕೊಟ್ಟ. ಎಣ್ಣೆ ಮತ್ತು ಅರಿಶಿನ ಹಚ್ಚಿದ್ವಿ. ಸಪ್ಲಿ ಹತ್ತು ನಿಮಿಷದಲ್ಲಿ ಎಲ್ಲ ನೆಕ್ಕಿ ಕ್ಲೀನ್ ಮಾಡ್ತು, ಒಂದು ವಾರ ಮುಖ ಹಳದಿಯಾಗಿತ್ತು, ಅಷ್ಟೇ. ಕೊನೆಗೆ ನಮ್ಮಲ್ಲೊಬ್ಬ ಊರಿಗೆ ಹೋದಾಗ ಮನೆ ನಾಯಿಗೆ ಹಾಕಿ ಉಳಿದಿದ್ದ ಚಿಗಟದ ಡ್ರಾಪ್ಸ್ ತಂದ. ಕತ್ತಿನ ಹಿಂದೆ ಬಿಡೋ ಔಷಧಿ. ನಾಯಿಗೆ ಆಗುತ್ತೆ ಅಂದ್ರೆ ಬೆಕ್ಕಿಗೂ ಆಗುತ್ತೆ, ಡೋಸ್ ಕಮ್ಮಿ ಮಾಡಿದರೆ ಸಾಕು ಅಂತ ಲೆಕ್ಕ ಹಾಕಿದ್ವಿ. ಇಂಜಿನಿಯರಿಂಗ್ ಓದೋರಲ್ವಾ, ಸ್ಕೇಲ್ ಡೌನ್ ಮಾಡೋದು ನಮಗೆ ಸುಲಭ.

ರಾತ್ರಿ ಎಂಟಕ್ಕೆ ಹಾಕಿದ್ದು. ಒಂದು ಗಂಟೆ ಹೊತ್ತಿಗೆ ಸಪ್ಲಿಯ ಕಿವಿ ಮತ್ತು ಮೀಸೆ ತನ್ನಷ್ಟಕ್ಕೆ ತಾನೇ ಅದುರೋಕೆ ಶುರುವಾಯ್ತು. ಆಮೇಲೆ ಮುಂಗಾಲು ಒದರೋದು, ಆಮೇಲೆ ಇಡೀ ಮೈ ನಡುಕ. ಫೋನಿಗೆ ಸಿಕ್ಕ ಪಶುವೈದ್ಯರು ಡ್ರಾಪ್ಸ್ ಪ್ಯಾಕೆಟ್ ಮೇಲೆ ಏನು ಬರೆದಿದೆ ಅಂತ ಮೊದಲು ಕೇಳಿದರು. ಪರ್ಮೆಥ್ರಿನ್ ಅಂತ ಓದಿದ ಕೂಡಲೇ ಅವರ ದನಿ ಬದಲಾಯ್ತು. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ಬಿಸಿನೀರು ಬೇಡ, ಬಿಸಿಗೆ ಚರ್ಮದ ರಕ್ತನಾಳ ಅಗಲವಾಗಿ ಔಷಧಿ ಇನ್ನೂ ಬೇಗ ಒಳಗೆ ಹೋಗುತ್ತೆ, ಟವೆಲಲ್ಲಿ ಸುತ್ತಿ ಈಗಲೇ ತನ್ನಿ ಅಂದರು. ವಾರ್ಡನ್ ಗೇಟ್ ತೆಗೆಸಿಕೊಟ್ಟರು. ಎರಡು ದಿನ ಡ್ರಿಪ್ ಮತ್ತು ನಡುಕದ ಔಷಧಿ ಮೇಲೆ ಇದ್ದು ಸಪ್ಲಿ ಬದುಕಿತು. ಎಲ್ಲ ಬೆಕ್ಕುಗಳೂ ಬದುಕಲ್ಲ ಅಂತ ಡಾಕ್ಟ್ರು ನಮಗೆ ನೇರವಾಗಿಯೇ ಹೇಳಿದರು. ಈ ಲೇಖನ ಬರೀತಿರೋದು ಆ ಎರಡು ದಿನದಲ್ಲಿ ಮತ್ತು ಆಮೇಲೆ ಅವರ ಹತ್ತಿರ ಕಲಿತಿದ್ದನ್ನ, ಸ್ವಲ್ಪ ನಾವೇ ಓದಿಕೊಂಡಿದ್ದನ್ನ ಹಂಚಿಕೊಳ್ಳೋಕೆ. ಕ್ಯಾಂಪಸ್ಸಿನಲ್ಲಿ ಬೆಕ್ಕು ಸಾಕ್ತಿರೋ ರೂಮು ನಮ್ಮದೊಂದೇ ಅಲ್ಲ ಅಂತ ನಮಗೆ ಗೊತ್ತು.

ಮೊದಲು ಆ ಡ್ರಾಪ್ಸ್ ವಿಷಯ. ಪರ್ಮೆಥ್ರಿನ್ ನರದ ಸೋಡಿಯಂ ಚಾನೆಲ್‌ಗಳನ್ನ ಮುಚ್ಚೋಕೆ ಬಿಡಲ್ಲ. ಸ್ವಿಚ್ ಆನ್ ಸ್ಥಿತೀಲೇ ಸಿಕ್ಕಿಹಾಕಿಕೊಂಡ ಹಾಗೆ, ನರ ಮತ್ತೆ ಮತ್ತೆ ಫೈರ್ ಆಗ್ತಾನೇ ಇರುತ್ತೆ. ಚಿಗಟ ಸಾಯೋದು ಹಾಗೆ. ನಾಯಿ ಮತ್ತು ಮನುಷ್ಯರ ಲಿವರ್ ಇಂಥ ವಸ್ತುಗಳಿಗೆ ಗ್ಲುಕುರೋನಿಕ್ ಆಮ್ಲ ಅಂಟಿಸಿ, ನೀರಲ್ಲಿ ಕರಗೋ ಹಾಗೆ ಮಾಡಿ ಹೊರಗೆ ಕಳಿಸುತ್ತೆ. ಬೆಕ್ಕಿನ ಲಿವರಿಗೆ ಈ ಕೆಲಸ ಸರಿಯಾಗಿ ಬರಲ್ಲ. ಇದಕ್ಕೆ ಬೇಕಾದ ಮುಖ್ಯ ಜೀನ್‌ಗಳಲ್ಲಿ ಒಂದು, ಯುಜಿಟಿ1ಎ6, ಬೆಕ್ಕಿನ ಜಾತಿಯಲ್ಲಿ ಕೆಟ್ಟು ಕೂತಿದೆ. ಕೋಡ್ ಇದೆ, ರನ್ ಆಗಲ್ಲ. ಹುಲಿ ಸಿಂಹಕ್ಕೂ ಇದೇ ಕಥೆ. ಮಾಂಸ ಬಿಟ್ಟು ಬೇರೆ ತಿನ್ನದ ಪ್ರಾಣಿಗೆ ಗಿಡಗಳ ವಿಷ ಅರಗಿಸೋ ಜೀನ್ ಕೆಟ್ಟರೂ ಏನೂ ನಷ್ಟ ಆಗಲಿಲ್ಲ ಅನ್ನೋದು ವಿಜ್ಞಾನಿಗಳ ಊಹೆ. ಹಾಗಾಗಿ ಬೆಕ್ಕು ಚಿಕ್ಕ ಸೈಜಿನ ನಾಯಿ ಅಲ್ಲ. ಡೋಸ್ ಸ್ಕೇಲ್ ಡೌನ್ ಮಾಡೋ ನಮ್ಮ ಲೆಕ್ಕ ಬುಡದಲ್ಲೇ ತಪ್ಪು.

ಇದೇ ಕಾರಣಕ್ಕೆ ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನ ಕೊಲ್ಲಬಹುದು. ಟೀ ಟ್ರೀ ಎಣ್ಣೆ, ಫಿನಾಯಿಲ್, ಫೀನಾಲ್ ಜಾತಿಯ ಆ್ಯಂಟಿಸೆಪ್ಟಿಕ್ ಲಿಕ್ವಿಡ್‌ಗಳು ಅದಕ್ಕೆ ಒಗ್ಗಲ್ಲ. ನಾವು ಹಾಸ್ಟೆಲಲ್ಲಿ ಫಿನಾಯಿಲ್ ಹಾಕಿ ನೆಲ ಒರೆಸಿದ ಮೇಲೆ ಬೆಕ್ಕು ಅದರ ಮೇಲೆ ನಡೆದು, ಆಮೇಲೆ ಕಾಲು ನೆಕ್ಕುತ್ತೆ. ಈಗ ನಮ್ಮ ರೂಮಿಗೆ ಬರೋ ಅಕ್ಕನಿಗೆ ಬರೀ ನೀರಲ್ಲಿ ಒರೆಸಿ ಅಂತ ಹೇಳಿದೀವಿ. ಅವರು ನಮ್ಮನ್ನ ನೋಡೋ ರೀತಿ ಬೇರೆ.

ನೆಕ್ಕೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇಡೀ ಸಮಸ್ಯೆಯ ಕೀಲಿ ಇರೋದು ಅಲ್ಲೇ. ಬೆಕ್ಕು ಎಚ್ಚರವಾಗಿರೋ ಹೊತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮೈ ನೆಕ್ಕಿಕೊಳ್ಳೋದರಲ್ಲೇ ಕಳೆಯುತ್ತೆ. ಅದರ ನಾಲಿಗೆ ಮುಟ್ಟಿ ನೋಡಿದೀರಾ? ಎಮರಿ ಪೇಪರ್ ಥರ ಇರುತ್ತೆ. ಅಲ್ಲಿರೋ ಮುಳ್ಳುಗಳು ನಮ್ಮ ಉಗುರಿನಲ್ಲಿರೋ ಕೆರಾಟಿನ್ನಿನಿಂದಲೇ ಆದವು. ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ಇದನ್ನ ಸ್ಕ್ಯಾನ್ ಮಾಡಿ ನೋಡಿದಾಗ, ಪ್ರತಿ ಮುಳ್ಳಿನ ತುದೀಲಿ ಸಣ್ಣ ಸ್ಕೂಪ್ ಥರದ ಪೊಳ್ಳು ಇರೋದು ಕಾಣಿಸ್ತು. ಆ ಪೊಳ್ಳು ಬಾಯಿಯ ಎಂಜಲನ್ನ ಕ್ಯಾಪಿಲರಿ ಬಲದಿಂದ ಹಿಡಿದಿಟ್ಟುಕೊಂಡು, ಕೂದಲಿನ ಬುಡದವರೆಗೆ ಒಯ್ದು ಬಿಡುತ್ತೆ. ಅವರು ಇದನ್ನ ನೋಡಿ ಒಂದು ಬ್ರಶ್ಶನ್ನೂ ತ್ರೀಡಿ ಪ್ರಿಂಟ್ ಮಾಡಿದರು. ಇವರಿಬ್ಬರೂ ಮೆಕ್ಯಾನಿಕಲ್ ಕಡೆಯವರು ಅಂತ ನಮ್ಮ ಮೆಕ್ಯಾನಿಕಲ್ ರೂಮ್‌ಮೇಟ್ ಇಲ್ಲಿ ಸೇರಿಸಲೇಬೇಕು ಅಂತಿದಾನೆ.

ಇದರ ಅರ್ಥ ಏನು? ಬೆಕ್ಕಿನ ಮೈಗೆ ನೀವು ಏನೇ ಹಚ್ಚಿದರೂ ಅದು ಹತ್ತು ನಿಮಿಷದಲ್ಲಿ ಹೊಟ್ಟೆಗೆ ಹೋಗುತ್ತೆ. ಹಚ್ಚೋ ಔಷಧಿ ಅನ್ನೋದು ಬೆಕ್ಕಿನ ಮಟ್ಟಿಗೆ ತಿನ್ನಿಸೋ ಔಷಧಿ. ಕ್ಯಾಲಮೈನ್ ಲೋಷನ್‌ನಲ್ಲಿ ಜಿಂಕ್ ಆಕ್ಸೈಡ್ ಇದೆ, ನಮ್ಮ ಟ್ಯೂಬುಗಳಲ್ಲಿ ಜೋರಾದ ಸ್ಟೀರಾಯ್ಡ್ ಇರುತ್ತೆ. ನಾವು ಅವನ್ನ ತಿನ್ನಲ್ಲ. ಬೆಕ್ಕು ತಿನ್ನುತ್ತೆ.

ಈಗ ಸಪ್ಲಿಗೆ ನಿಜವಾಗಿ ಆಗಿದ್ದೇನು ಅನ್ನೋ ಪ್ರಶ್ನೆಗೆ ಬರೋಣ. ಡಾಕ್ಟ್ರು ಒಂದು ಸಣ್ಣ ಹಲ್ಲಿನ ಬಾಚಣಿಗೆಯಿಂದ, ನಮ್ಮ ಅಜ್ಜಿಯರ ಹೇನಿನ ಬಾಚಣಿಗೆ ಥರದ್ದು, ಬಾಲದ ಬುಡ ಬಾಚಿದರು. ಕರಿ ಮೆಣಸಿನ ಪುಡಿ ಥರ ಏನೋ ಉದುರಿತು. ಅದನ್ನ ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಹಾಕಿದರು. ಒಂದು ನಿಮಿಷದಲ್ಲಿ ಪುಡಿಯ ಸುತ್ತ ಕೆಂಪು ಕಂದು ಕಲೆ ಹರಡಿತು. ಅದು ಚಿಗಟದ ಹಿಕ್ಕೆ, ಅಂದ್ರೆ ಜೀರ್ಣವಾದ ರಕ್ತ, ಸಪ್ಲಿಯದೇ ರಕ್ತ. ಬರೀ ಮಣ್ಣಾಗಿದ್ರೆ ಕೆಂಪಾಗ್ತಿರಲಿಲ್ಲ. ಇಷ್ಟು ಸಿಂಪಲ್ ಟೆಸ್ಟು, ಖರ್ಚೇ ಇಲ್ಲ.

ನಮಗೆ ಆಶ್ಚರ್ಯ ಆಗಿದ್ದು ಒಂದೂ ಚಿಗಟ ಕಣ್ಣಿಗೆ ಬೀಳದೇ ಇದ್ದದ್ದು. ಎಷ್ಟೋ ಜನ ಇಲ್ಲೇ ಎಡವೋದಂತೆ: ಚಿಗಟ ಕಾಣ್ತಿಲ್ಲ, ಹಾಗಾಗಿ ಚಿಗಟ ಇಲ್ಲ. ಆದರೆ ತುರಿಕೆ ಬಂದ ಬೆಕ್ಕು ಎಷ್ಟು ನೆಕ್ಕುತ್ತೆ ಅಂದ್ರೆ ಮೈಮೇಲಿರೋ ಚಿಗಟಗಳನ್ನ ತಾನೇ ನುಂಗಿಬಿಟ್ಟಿರುತ್ತೆ. ಹಾಗೆ ನುಂಗಿದರೆ ಲಾಡಿಹುಳು ಬೇರೆ ಬರಬಹುದು, ಹಿಂಭಾಗದ ಕೂದಲಿಗೆ ಅಕ್ಕಿಕಾಳಿನ ಥರ ಅಂಟಿಕೊಂಡಿದ್ದರೆ ಅದೇ. ಇನ್ನೊಂದು ವಿಷಯ, ಅಲರ್ಜಿ ಇರೋ ಬೆಕ್ಕಿಗೆ ನೂರು ಚಿಗಟ ಬೇಕಾಗಿಲ್ಲ. ಚಿಗಟ ಕಚ್ಚುವಾಗ ತನ್ನ ಎಂಜಲನ್ನ ಚರ್ಮದೊಳಗೆ ಬಿಡುತ್ತೆ. ಆ ಎಂಜಲಿನಲ್ಲಿರೋ ಪ್ರೋಟೀನುಗಳಿಗೇ ಅಲರ್ಜಿ. ಒಂದೆರಡು ಕಡಿತ ಸಾಕು, ದೇಹದ ರಕ್ಷಣಾ ವ್ಯವಸ್ಥೆ ಕಳ್ಳ ಬಂದ ಅಂತ ಇಡೀ ಊರಿನ ಪೊಲೀಸರನ್ನ ಕರೆಸುತ್ತೆ. ಮಾಸ್ಟ್ ಕೋಶಗಳು ಹಿಸ್ಟಮಿನ್ ಬಿಡ್ತವೆ, ಇಯೊಸಿನೊಫಿಲ್‌ಗಳು ಬಂದು ಸೇರ್ತವೆ, ಚರ್ಮ ಊದುತ್ತೆ, ತುರಿಸುತ್ತೆ. ಬೆಕ್ಕುಗಳಲ್ಲಿ ಅತಿ ಸಾಮಾನ್ಯವಾಗಿ ಕಾಣೋ ಚರ್ಮದ ಅಲರ್ಜಿ ಇದೇ.

ತುರಿಸಿದಾಗ ಕೆರೆದುಕೊಂಡರೆ ಏನಾಗುತ್ತೆ? ಚರ್ಮದ ಮೇಲ್ಪದರ ಕಿತ್ತುಹೋಗುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಕೂರುತ್ತೆ, ಅದರಿಂದ ಇನ್ನೂ ತುರಿಕೆ, ಇನ್ನೂ ಕೆರೆತ. ಆಪ್-ಆ್ಯಂಪ್‌ಗೆ ಪಾಸಿಟಿವ್ ಫೀಡ್‌ಬ್ಯಾಕ್ ಕೊಟ್ಟರೆ ಔಟ್‌ಪುಟ್ ಸ್ಯಾಚುರೇಷನ್‌ಗೆ ಹೋಗಿ ಕೂರುತ್ತಲ್ಲ, ಹಾಗೆ. ಕೆರೆದು ಹುಣ್ಣು ಮಾಡಿಕೊಳ್ಳೋದು ಅಂತ ನಮ್ಮಲ್ಲಿ ಮಾತಿದೆ. ಬೈಯೋಕೆ ಬಳಸ್ತೀವಿ, ಆದರೆ ಸಪ್ಲಿಗೆ ಅದು ಅಕ್ಷರಶಃ ಆಗಿತ್ತು. ಹಾಗಾಗಿ ಲೂಪನ್ನ ಎರಡು ಕಡೆ ಕತ್ತರಿಸ್ಬೇಕು: ಇನ್‌ಪುಟ್ ಅಂದ್ರೆ ಚಿಗಟ ನಿಲ್ಲಿಸೋದು, ಮತ್ತು ಫೀಡ್‌ಬ್ಯಾಕ್ ಅಂದ್ರೆ ಕೆರೆತ ನಿಲ್ಲಿಸೋದು.

ಕೆರೆತಕ್ಕೆ ಡಾಕ್ಟ್ರು ಪ್ರೆಡ್ನಿಸೊಲೋನ್ ಕೊಟ್ಟರು, ಕೆಲವೇ ದಿನಕ್ಕೆ, ದಿನದಿನ ಕಡಿಮೆ ಮಾಡ್ತಾ. ಕೊಡೋ ಮೊದಲು ಚರ್ಮ ಸ್ವಲ್ಪ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದರು, ಕತ್ತಲೆ ಮಾಡಿ ನೇರಳೆ ಲೈಟ್ ಬಿಟ್ಟು ಕೂದಲು ಹಸಿರಾಗಿ ಹೊಳೆಯುತ್ತಾ ಅಂತಾನೂ ನೋಡಿದರು. ಯಾಕಂದ್ರೆ ಇದು ರಿಂಗ್‌ವರ್ಮ್ ಅನ್ನೋ ಫಂಗಸ್ ಆಗಿದ್ದು ನಾವು ಸ್ಟೀರಾಯ್ಡ್ ಕೊಟ್ಟಿದ್ರೆ ಅದು ಇನ್ನಷ್ಟು ಹರಡ್ತಿತ್ತು. ಹೊರಗಿಂದ ನೋಡಿದರೆ ಎರಡೂ ಬೋಳು ಚರ್ಮವೇ. ಲೈಟ್ ಟೆಸ್ಟಿನಲ್ಲಿ ಎಲ್ಲ ಫಂಗಸ್ಸೂ ಹೊಳೆಯಲ್ಲ, ಡೌಟ್ ಇದ್ರೆ ಕಲ್ಚರ್ ಮಾಡಿಸ್ತಾರೆ. ರಿಂಗ್‌ವರ್ಮ್ ಮನುಷ್ಯರಿಗೂ ಅಂಟುತ್ತೆ. ಬೆಕ್ಕಿನ ಜೊತೆ ನಿಮ್ಮ ಕೈ ಮೇಲೂ ಉಂಗುರದ ಥರ ಕೆಂಪು ಕಲೆ ಬಂದಿದ್ರೆ ಇಬ್ರೂ ಡಾಕ್ಟ್ರ ಹತ್ತಿರ ಹೋಗಿ, ಬೇರೆ ಬೇರೆ ಡಾಕ್ಟ್ರು ಅಷ್ಟೇ. ಕಿವಿ ಅಂಚು ಮತ್ತು ತಲೆ ಮೇಲೆ ದಪ್ಪ ಹಕ್ಕಳೆ ಕಟ್ಟಿದ್ರೆ ಅದು ಬೆಕ್ಕಿನ ಕಜ್ಜಿ ಇರಬಹುದು, ಅದಕ್ಕೆ ಔಷಧಿಯೇ ಬೇರೆ. ಬೀದಿ ಬೆಕ್ಕುಗಳಲ್ಲಿ ನಾವೂ ಆಮೇಲೆ ಎರಡು ಮೂರು ಕಡೆ ನೋಡಿದ್ವಿ.

ಸ್ಟೀರಾಯ್ಡ್ ಮಾತ್ರೆ ತಿಂದ ಎರಡನೇ ದಿನಕ್ಕೇ ಟಕಟಕ ಸದ್ದು ನಿಂತಿತು. ಎಷ್ಟು ಚೆನ್ನಾಗಿದೆ, ತಿಂಗಳೆಲ್ಲ ಕೊಡೋಣ ಅಂತ ಅನ್ನಿಸೋದೇ ಅಪಾಯ. ಬಹಳ ದಿನ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಇದೆ. ಸದ್ದು ನಿಲ್ಲಿಸೋಕೆ ಅದು, ಕಾರಣ ನಿಲ್ಲಿಸೋಕೆ ಅಲ್ಲ.

ಕತ್ತಿನ ಗಾಯ ಒಣಗೋವರೆಗೆ ಲ್ಯಾಂಪ್ ಶೇಡ್ ಥರದ ಕಾಲರ್ ಹಾಕ್ಬೇಕಿತ್ತು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅನ್ನೋ ಗಾದೆ ಯಾಕೆ ಹುಟ್ಟಿತು ಅಂತ ಅವತ್ತು ಅರ್ಥ ಆಯ್ತು. ಮೂರು ಜನ ಬೇಕಾಯ್ತು, ಒಬ್ಬನ ಅಂಗೈ ಹರಿದು ಹೋಯ್ತು. ಮೊದಲ ದಿನ ಸಪ್ಲಿ ಗೋಡೆಗೆಲ್ಲ ಡಿಕ್ಕಿ ಹೊಡೀತಾ ಹಿಂದಕ್ಕೆ ಹಿಂದಕ್ಕೆ ನಡೀತಿತ್ತು. ಮೂರನೇ ದಿನಕ್ಕೆ ಅದೇ ಕಾಲರಿನಿಂದ ನಮ್ಮ ಮಾಗಿ ಪ್ಲೇಟ್ ತಳ್ಳೋದು ಕಲಿತಿತ್ತು.

ಮನೇಲೇ ಮಾಡಬಹುದಾದ ಶಮನ ಅಂತ ಡಾಕ್ಟ್ರು ಒಪ್ಪಿದ್ದು ತಣ್ಣೀರಿನ ಬಟ್ಟೆ. ಶುದ್ಧವಾದ ಹತ್ತಿ ಬಟ್ಟೆಯನ್ನ ತಣ್ಣೀರಲ್ಲಿ ಅದ್ದಿ, ಹಿಂಡಿ, ಕೆಂಪಾದ ಜಾಗದ ಮೇಲೆ ಐದು ನಿಮಿಷ ಇಡೋದು. ಐಸ್ ಅಲ್ಲ. ತಂಪು ತಾಗಿದಾಗ ತುರಿಕೆಯ ಸಿಗ್ನಲ್ ಮಂಕಾಗುತ್ತೆ, ಜೊತೆಗೆ ಕೂದಲಿಗೆ ಹತ್ತಿದ ಧೂಳು ಪರಾಗವೂ ಬಟ್ಟೆಗೆ ಬರುತ್ತೆ. ಆಮೇಲೆ ಒತ್ತಿ ಒರೆಸ್ಬೇಕು, ಉಜ್ಜಬಾರ್ದು. ನೆಕ್ಕಿದರೆ ಹೊಟ್ಟೆಗೆ ಹೋಗೋದು ನೀರು, ಅಷ್ಟೇ. ಸ್ನಾನ ಮಾಡಿಸ್ಬೇಕಾ ಅಂತ ಕೇಳಿದ್ವಿ. ಡಾಕ್ಟ್ರು ಹೇಳಿದ ಬೆಕ್ಕಿನ ಶಾಂಪೂ ಇದ್ದು, ಬೆಕ್ಕು ಸುಮ್ಮನಿದ್ರೆ ಮಾಡಿಸಬಹುದು. ನಮ್ಮ ಶಾಂಪೂ ಬೇಡ. ಹೆದರಿ ಗಾಬರಿಯಾದ ಬೆಕ್ಕು ಇನ್ನೂ ಜಾಸ್ತಿ ನೆಕ್ಕಿಕೊಳ್ಳುತ್ತೆ, ಸ್ನಾನದ ಲಾಭ ಅಲ್ಲಿಗೆ ಮುಗೀತು.

ಚಿಗಟ ನಿಲ್ಲಿಸೋದು ಇದಕ್ಕಿಂತ ದೊಡ್ಡ ಕೆಲಸ, ನಾವು ಅರ್ಧ ಸೆಮ್ ಅದರಲ್ಲೇ ಕಳೆದ್ವಿ. ಬೆಕ್ಕಿಗೆ ಅಂತಲೇ ಇರೋ ಡ್ರಾಪ್ಸ್ ಇವೆ, ಸೆಲಮೆಕ್ಟಿನ್, ಫಿಪ್ರೊನಿಲ್ ಇತ್ಯಾದಿ. ಬೆಕ್ಕಿನ ತೂಕ ನೋಡಿ ಡಾಕ್ಟ್ರು ಬರೀತಾರೆ. ತಲೆಬುರುಡೆ ಕೆಳಗೆ, ನಾಲಿಗೆಗೆ ಎಟುಕದ ಜಾಗದಲ್ಲಿ, ಕೂದಲು ಸರಿಸಿ ಚರ್ಮದ ಮೇಲೇ ಬಿಡ್ಬೇಕು. ಆದರೆ ಬೆಕ್ಕಿನ ಮೈಮೇಲಿರೋ ಚಿಗಟ ಒಟ್ಟು ಲೆಕ್ಕದಲ್ಲಿ ಶೇಕಡಾ 5ರಷ್ಟು ಮಾತ್ರ ಅಂತಾರೆ. ಉಳಿದದ್ದು ಮೊಟ್ಟೆ, ಮರಿಹುಳು, ಗೂಡುಗಳಾಗಿ ನಮ್ಮ ಹಾಸಿಗೆ, ಕಾಲೊರೆಸು, ನೆಲದ ಬಿರುಕುಗಳಲ್ಲಿರುತ್ತೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು, ಅವು ಕೂದಲಿಗೆ ಅಂಟಲ್ಲ, ಬೆಕ್ಕು ಮಲಗಿದಲ್ಲೆಲ್ಲ ಉದುರ್ತವೆ. ಗೂಡಿನೊಳಗಿರೋ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ನೆಲದ ಕಂಪನ, ಮೈ ಬಿಸಿ, ನಾವು ಬಿಡೋ ಕಾರ್ಬನ್ ಡೈಆಕ್ಸೈಡ್ ಸಿಕ್ಕಿದ ಕೂಡಲೇ ಊಟ ಬಂತು ಅಂತ ಹೊರಗೆ ಬರುತ್ತೆ. ರಜೆ ಮುಗಿಸಿ ರೂಮಿನ ಬೀಗ ತೆಗೆದ ದಿನವೇ ನಮ್ಮ ಕಾಲಿಗೆಲ್ಲ ಯಾಕೆ ಕಚ್ಚಿತ್ತು ಅಂತ ಆಗ ಗೊತ್ತಾಯ್ತು. ನಾವು ಅದನ್ನ ಸೊಳ್ಳೆ ಅಂದ್ಕೊಂಡು ಇಡೀ ಸಂಜೆ ಬ್ಯಾಟ್ ಬೀಸಿದ್ವಿ.

ಆಮೇಲೆ ಶುರುವಾಯ್ತು ಕ್ಲೀನಿಂಗು. ಬೆಡ್‌ಶೀಟ್, ಸಪ್ಲಿ ಮಲಗೋ ಹಳೇ ಜರ್ಕಿನ್, ಎಲ್ಲ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ. ಫ್ಯಾಕಲ್ಟಿ ಕ್ವಾರ್ಟರ್ಸ್‌ನಿಂದ ವ್ಯಾಕ್ಯೂಮ್ ಕ್ಲೀನರ್ ಕಡ ತಂದು ಕಾಟಿನ ಕೆಳಗೆ, ಮೂಲೆ, ಗೋಡೆ ನೆಲ ಸೇರೋ ಸಂದು, ಎಲ್ಲ ಕಡೆ ಎರಡು ದಿನಕ್ಕೊಮ್ಮೆ. ಒಳಗಿನ ಕಸವನ್ನ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಕೂಡಲೇ ಹೊರಗೆ ಎಸೀಬೇಕು. ಪಕ್ಕದ ರೂಮಿಗೆ ಹೋಗೋ ಎರಡು ಬೆಕ್ಕು, ಗೇಟ್ ಹತ್ತಿರದ ನಾಯಿ, ಇವಕ್ಕೂ ಅವವುಗಳ ಡ್ರಾಪ್ಸ್ ಹಾಕಿಸಿದ್ವಿ. ಒಂದನ್ನ ಬಿಟ್ಟರೂ ಚಿಗಟ ಮತ್ತೆ ಬರುತ್ತೆ, ಸಪ್ಲಿ ಪರೀಕ್ಷೆ ಥರ. ಹೊಸ ಚಿಗಟ ಹುಟ್ಟೋದು ನಿಲ್ಲೋಕೆ ಸುಮಾರು ಮೂರು ತಿಂಗಳು ಹಿಡಿಯುತ್ತೆ, ಮೊದಲ ಡ್ರಾಪ್ಸ್ ಆದಮೇಲೂ ಅಲ್ಲಿಲ್ಲಿ ಒಂದೊಂದು ಕಂಡರೆ ಔಷಧಿ ಕೆಲಸ ಮಾಡ್ತಿಲ್ಲ ಅಂತಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಕೆರೆತ ನಿಲ್ಲದಿದ್ರೆ ಊಟದ ಅಲರ್ಜಿ ಇರಬಹುದು. ಬೆಕ್ಕುಗಳಲ್ಲಿ ದನದ ಮಾಂಸ, ಮೀನು, ಚಿಕನ್, ಇವುಗಳ ಪ್ರೋಟೀನಿಗೆ ಹೆಚ್ಚಾಗಿ ಅಲರ್ಜಿ ಕಂಡುಬಂದಿದೆ. ಇದಕ್ಕೆ ನಂಬಿಕೆಯ ರಕ್ತ ಪರೀಕ್ಷೆ ಇಲ್ಲ. ಬೆಕ್ಕು ಹಿಂದೆಂದೂ ತಿನ್ನದ ಪ್ರೋಟೀನು, ಇಲ್ಲವೇ ಸಣ್ಣ ತುಂಡುಗಳಾಗಿ ಒಡೆದ ಪ್ರೋಟೀನಿನ ವಿಶೇಷ ಆಹಾರ, ಅದೊಂದನ್ನೇ ಎಂಟು ವಾರ ಕೊಟ್ಟು ನೋಡ್ಬೇಕು, ಆಮೇಲೆ ಹಳೇ ಊಟ ಕೊಟ್ಟು ತುರಿಕೆ ವಾಪಸ್ ಬರುತ್ತಾ ನೋಡ್ಬೇಕು. ನಡುವೆ ಯಾರೋ ಒಂದು ತುಂಡು ಆಮ್ಲೆಟ್ ಹಾಕಿದರೂ ಪ್ರಯೋಗ ಹಾಳು. ಇಪ್ಪತ್ತು ರೂಮಿನವರೂ ತಿನ್ನಿಸೋ ಹಾಸ್ಟೆಲ್ ಬೆಕ್ಕಿಗೆ ಇದು ಹೆಚ್ಚುಕಡಿಮೆ ಅಸಾಧ್ಯ, ನಮಗೆ ಆ ಪರಿಸ್ಥಿತಿ ಬರಲಿಲ್ಲ. ಧೂಳಿನ ನುಸಿ, ಪರಾಗ, ಬೂಷ್ಟಿಗೂ ಅಲರ್ಜಿ ಬರುತ್ತೆ. ಚಿಗಟ, ಊಟ ಎರಡೂ ಅಲ್ಲ ಅಂತಾದ ಮೇಲೆ ಆ ಕಡೆ ನೋಡ್ತಾರೆ, ಅಂಥ ಬೆಕ್ಕುಗಳಿಗೆ ಸೈಕ್ಲೋಸ್ಪೊರಿನ್ ಥರದ ಔಷಧಿ ದೀರ್ಘಕಾಲ ಬೇಕಾಗಬಹುದು.

ಕೆಲವರು ಸಿಟ್ರಿಜಿನ್ ಕೊಡಬಹುದಲ್ವಾ ಅಂತ ಕೇಳಿದಾರೆ. ಬೆಕ್ಕಿನ ತುರಿಕೆಗೆ ಆ್ಯಂಟಿಹಿಸ್ಟಮಿನ್‌ಗಳು ಅಷ್ಟಾಗಿ ಕೆಲಸ ಮಾಡಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಡ್ರಾಯರಲ್ಲಿರೋ ನೆಗಡಿ ಮಾತ್ರೆಗಳಲ್ಲಿ ಬಹಳಷ್ಟು ಕಾಂಬಿನೇಷನ್ ಮಾತ್ರೆಗಳು, ಒಳಗೆ ಪ್ಯಾರಸಿಟಮಾಲ್ ಇರುತ್ತೆ. ಹೆಸರು ನೋಡಿ ಗೊತ್ತಾಗಲ್ಲ.

ದುಡ್ಡಿನ ಬಗ್ಗೆಯೂ ಹೇಳ್ಬೇಕು. ಡಾಕ್ಟ್ರ ಹತ್ತಿರ ಮೊದಲೇ ಹೋಗದಿರೋಕೆ ನಮ್ಮ ನಿಜವಾದ ಕಾರಣ ಅದೇ. ಆದರೆ ಎರಡು ದಿನದ ಡ್ರಿಪ್ಪಿಗೆ ಕೊಟ್ಟ ದುಡ್ಡಲ್ಲಿ ಸಪ್ಲಿಯ ಒಂದು ವರ್ಷದ ಡ್ರಾಪ್ಸ್ ಬರ್ತಿತ್ತು. ಸರ್ಕಾರಿ ಪಶು ಆಸ್ಪತ್ರೆಗಳು ತಾಲ್ಲೂಕಿಗೆ ತಾಲ್ಲೂಕಿಗೆ ಇವೆ, ಅಲ್ಲಿ ಹಸು ಎಮ್ಮೆ ಜೊತೆ ಬೆಕ್ಕನ್ನೂ ನೋಡ್ತಾರೆ. ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದ ಕಡೆಯವರಾದರೆ ಅಲ್ಲಿನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾಲಯ ಇದೆ. ನಮ್ಮ ಥರಾನೇ ಓದೋ ಹುಡುಗ ಹುಡುಗಿಯರು ಪ್ರೊಫೆಸರ್ ಪಕ್ಕದಲ್ಲಿ ನಿಂತು ನೋಡ್ತಿರ್ತಾರೆ, ಪ್ರಶ್ನೆ ಕೇಳಿದರೆ ಖುಷಿಯಿಂದ ಹೇಳ್ತಾರೆ.

ಬರೋವಾಗ ಸಪ್ಲಿಯನ್ನ ರಟ್ಟಿನ ಡಬ್ಬದಲ್ಲಿ ತೂತು ಮಾಡಿ ತನ್ನಿ, ಬ್ಯಾಗಿನಲ್ಲಿ ಬೇಡ ಅಂತ ಡಾಕ್ಟ್ರು ಹೇಳಿದ್ದರು. ಡ್ರಾಯಿಂಗ್ ಶೀಟಿನ ದೊಡ್ಡ ಡಬ್ಬ ಈಗ ಅದರದೇ ಆಗಿದೆ. ಜನವರಿಯಲ್ಲಿ ತೂಕ 2.8 ಕಿಲೋ ಇತ್ತು, ಈಗ 3.4. ಹೊಟ್ಟೆ ಮೇಲೆ ಕೂದಲು ಬಂದಿದೆ, ಮೊದಲಿಗಿಂತ ಸ್ವಲ್ಪ ಬಿಳಿ. ಕತ್ತಿನ ಗಾಯದ ಜಾಗದಲ್ಲಿ ಮಾತ್ರ ಇನ್ನೂ ಬೋಳು ಉಳಿದಿದೆ, ಅಲ್ಲಿ ಬರುತ್ತೋ ಇಲ್ವೋ ಗೊತ್ತಿಲ್ಲ. ಪ್ರತಿ ತಿಂಗಳ ಐದನೇ ತಾರೀಖು ಡ್ರಾಪ್ಸ್ ಅಂತ ಬಾಗಿಲ ಹಿಂದೆ, ಲ್ಯಾಬ್ ರೆಕಾರ್ಡ್ ಸಬ್ಮಿಷನ್ ಡೇಟ್‌ಗಳ ಪಕ್ಕ, ಬರೆದು ಅಂಟಿಸಿದೀವಿ. ಆ ಚೀಟೀಲಿ ಇಲ್ಲಿಯವರೆಗೆ ತಪ್ಪದೇ ಟಿಕ್ ಬಿದ್ದಿರೋದು ಸಪ್ಲಿ ಸಾಲಿಗೆ ಮಾತ್ರ.